ಕಾರಣ: ಜ್ವರ

ನಮ್ಮೂರಿನ ನೇಕಾರ ಗಂಡಸರನ್ನೆಲ್ಲ ನಮ್ಮಪ್ಪ ಜ್ವರದಿಂದ ಸಾಯಿಸಿದ. ಕಾಗದದ ಮೇಲೆ ಮಾತ್ರ. ನಿಜವಾಗಿ ಅವರನ್ನು ಸಾಯಿಸಿದ್ದು ಏನೆಂದು ಅಪ್ಪನಿಗೂ ಗೊತ್ತಿತ್ತು, ಸತ್ತವರ ಹೆಂಡಂದಿರಿಗೂ ಗೊತ್ತಿತ್ತು, ಓಣಿಯ ನಾಯಿಗೂ ಗೊತ್ತಿತ್ತು. ಬಾಯಿ ಬಿಟ್ಟು ಹೇಳುವವರು ಮಾತ್ರ ಯಾರೂ ಇರಲಿಲ್ಲ.

ಊರಿನ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಇವತ್ತಿಗೂ ಆ ಓಣಿಯ ಹೆಣ್ಣುಮಕ್ಕಳಿಗೆ ವರ ಸಿಗುವುದು ತಡವಾದೀತು. ಹುನಗುಂದ ದಾಟಿ ಅಮೀನಗಡದ ಕಡೆ ಹೋಗುವಾಗ ಹಾದಿಯ ಎಡಕ್ಕೆ ಸಿಗುತ್ತದೆ, ಅಷ್ಟು ಸಾಕು. ಅಪ್ಪ, ಪಂಢರೀನಾಥ, ಅಲ್ಲಿನ ಪಂಚಾಯತಿಯ ಕಾರಕೂನ. ಹುಟ್ಟು ಸಾವಿನ ಪುಸ್ತಕ ಅವನ ಸುಪರ್ದಿಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲೇ ಇರುತ್ತಿತ್ತು. ಅದರಲ್ಲಿ ಕೊನೆಯ ಅಂಕಣ ‘ಸಾವಿನ ಕಾರಣ’. ಯಾರ ಮನೆಯಲ್ಲಿ ಸಾವಾಯಿತೋ ಅವರು ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಆರು ತಿಂಗಳು ಕೆಮ್ಮಿ, ಎಲುಬಿನ ಹಂದರವಾಗಿ, ರಕ್ತ ಕಾರಿ ಸತ್ತವನ ಹೆಣ್ತಿಯೂ ಸೆರಗು ಬಾಯಿಗೆ ಹಚ್ಚಿಕೊಂಡು ಹೇಳುವುದು ಒಂದೇ ಮಾತು: “ಜ್ವರ ಬಂದಿತ್ತರಿ.”

ಅಪ್ಪ ಜ್ವರ ಎಂದು ಬರೆಯುತ್ತಿದ್ದ. ಕ್ಷಯ ಎಂದು ಬರೆದರೆ ಆ ಮನೆಯ ಹುಡುಗಿಯನ್ನು ಯಾರೂ ತಂದುಕೊಳ್ಳುವುದಿಲ್ಲ, ಆ ಮನೆಗೆ ಯಾರೂ ಹುಡುಗಿಯನ್ನು ಕೊಡುವುದೂ ಇಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ ನಮ್ಮಪ್ಪ. ಯಾರ ಮನಸ್ಸನ್ನೂ ನೋಯಿಸಿ ಗೊತ್ತಿಲ್ಲ. ಅಂಥವರಿಂದ ಊರಿಗೆ ಎಷ್ಟು ಕೇಡಾಗುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು.

ಈ ಜ್ವರದ ಲೆಕ್ಕ ನೋಡಿ ಜಿಲ್ಲೆಯವರು ನಮ್ಮೂರಲ್ಲಿ ಮಲೇರಿಯಾ ಜೋರಾಗಿದೆ ಎಂದುಕೊಂಡರು. ಒಂದು ಬೇಸಿಗೆಯಲ್ಲಿ ನಾಲ್ಕು ಮಂದಿ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಂದು ಮನೆಮನೆಯ ಗೋಡೆಗೂ ಬಿಳಿ ಔಷಧಿ ಹೊಡೆದು ಹೋದರು. ಸೊಳ್ಳೆಗಳು ಸತ್ತವು. ಗಂಡಸರು ಸಾಯುವುದು ನಿಲ್ಲಲಿಲ್ಲ.

ಮುತ್ತಪ್ಪ ಅಪ್ಪನ ಜೊತೆ ಸಾಲಿ ಕಲಿತ ನೇಕಾರ. ಓಣಿಯವರೆಲ್ಲ ಅಪ್ಪನಿಗೆ ರಾಯರ ಎಂದರೆ ಇವನೊಬ್ಬನೇ ‘ರಾಯ’ ಎನ್ನುತ್ತಿದ್ದ. ಇಲಕಲ್ಲ ಸೀರೆಯ ಕೆಂಪು ಸೆರಗು ನೇಯುವುದರಲ್ಲಿ ಅವನ ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಅವರು ಮೂವರು ಅಣ್ಣತಮ್ಮಂದಿರು. ಹಿರಿಯ ಅಂದಾನಪ್ಪನಿಗೆ ಮಕ್ಕಳಿರಲಿಲ್ಲ. ಮುತ್ತಪ್ಪ ಮತ್ತು ಅಂಬವ್ವನಿಗೆ ಒಬ್ಬಳೇ ಮಗಳು, ಶೇಖವ್ವ. ಕಿರಿಯ ರಾಮಲಿಂಗಪ್ಪನಿಗೆ ಇನ್ನೂ ಮದುವೆಯಾಗಿರಲಿಲ್ಲ. ಸಾವಿರದ ಒಂಬೈನೂರ ಐವತ್ಮೂರರಲ್ಲಿ ಅಂದಾನಪ್ಪ ಸತ್ತ. ಅಪ್ಪ ಜ್ವರ ಎಂದು ಬರೆದುಕೊಳ್ಳುವಾಗ ಮುತ್ತಪ್ಪ ಎದುರಿಗೇ ಕೂತಿದ್ದ. ಅತ್ತು ಅತ್ತು ಕಣ್ಣು ಬಾತಿದ್ದರೂ ಅವನ ಚೇಷ್ಟೆ ಬಿಟ್ಟಿರಲಿಲ್ಲ.

“ರಾಯ, ನಾ ಸತ್ತರ ಜ್ವರ ಅಂತ ಬರೀಬ್ಯಾಡಪಾ. ಎಲ್ಲಾರಿಗೂ ಅದನ್ನ ಬರದೀದಿ. ನನ್ನ ಹುಲಿ ತಿಂತು ಅಂತ ಬರಿ.”

ನಮ್ಮೂರಿನ ನೇಕಾರರಲ್ಲಿ ಒಂದು ಪದ್ಧತಿ. ಮನೆಯ ಹಿರಿಯ ಸತ್ತರೆ ಸೂತಕ ಕಳೆದ ಮರುದಿನ ಅವನ ಲಾಳಿಯನ್ನು ಮುಂದಿನವನ ಕೈಗೆ ಕೊಡುತ್ತಾರೆ. ಅದರಲ್ಲಿ ಅವನು ನಾಲ್ಕು ಎಳೆ ನೇಯ್ದ ಮೇಲೆಯೇ ಮನೆಯಲ್ಲಿ ಸಿಹಿ. ಲಾಳಿಯೆಂದರೆ ಅಂಗೈಯಷ್ಟುದ್ದದ ಮರದ ದೋಣಿ. ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ, ಪಕ್ಕದಲ್ಲೊಂದು ಸಣ್ಣ ತೂತು. ಹೊಸ ಕಂಡಿಕೆ ಹಾಕಿದಾಗಲೆಲ್ಲ ಆ ತೂತಿಗೆ ತುಟಿ ಹಚ್ಚಿ ಉಸಿರು ಎಳೆಯಬೇಕು. ಆಗ ನೂಲು ಹೊರಗೆ ಬರುತ್ತದೆ. ದಿನಕ್ಕೆ ನೂರು ಸಲ ಹೀಗೆ. ನೀರು ಕುಡಿದರೆ ಮರ ಸೀಳುತ್ತದೆಂದು ಲಾಳಿಯನ್ನು ಯಾರೂ ತೊಳೆಯುವುದಿಲ್ಲ. ಅಜ್ಜನ ಲಾಳಿ ತಂದೆಯ ಕೈ ದಾಟಿ ಅಂದಾನಪ್ಪನಿಗೆ ಬಂದಿತ್ತು, ಅಂದಾನಪ್ಪನದು ಮುತ್ತಪ್ಪನಿಗೆ ಬಂತು.

ಐವತ್ತಾರರಲ್ಲಿ ಮುತ್ತಪ್ಪ ರಕ್ತ ಉಗುಳಿದ. ಅಪ್ಪ ಅವನನ್ನು ಬಸ್ಸಿನಲ್ಲಿ ಬಾಗಲಕೋಟೆಯ ಒಂದು ದವಾಖಾನಿಗೆ ಕರೆದುಕೊಂಡು ಹೋದ. ಡಾಕ್ಟರು ಎದೆಗೆ ನಳಿಗೆ ಹಚ್ಚಿ ನೋಡಿ, ಫೋಟೊ ತೆಗೆಸಿ, ಅಪ್ಪನನ್ನು ಹೊರಗೆ ಕರೆದು ಹೇಳಿದರು:

“ಇವರದು ಭಾಳ ತಡಾ ಆಗೇದ್ರಿ. ಮನ್ಯಾಗ ಉಳಿದವರನ್ನ ಲಗೂ ಕರಕೊಂಡು ಬರ್ರಿ. ಈಗ ಇದಕ್ಕ ಔಷಧ ಅದ, ಮೊದಲ ಬಂದ್ರ ಉಳೀತಾರ. ಒಬ್ಬರ ಬಾಯಿಗೆ ಹಚ್ಚಿದ್ದು ಇನ್ನೊಬ್ಬರು ಹಚ್ಚಬಾರದು, ನಿಮ್ಮ ನೇಕಾರರ ಲಾಳಿ ಸುದ್ದಾ.”

ವಾಪಸ್ಸು ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಿತು. ಮುತ್ತಪ್ಪ ಇಳಿದು ಮಗಳಿಗೆ ಕರದಂಟು ಕಟ್ಟಿಸಿಕೊಂಡ. ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು, ಅಪ್ಪನ ಮುಖ ನೋಡದೆ ಹೇಳಿದ: “ಶೇಖವ್ವಂದು ಇಲಕಲ್ಲಾಗ ಮಾತಾಗೇತಿ. ಲಗ್ನ ಆಗೂತನಾ ನೀ ಯಾರ ಮುಂದೂ ಬಾಯಿ ಬಿಡಬಾರದು. ಪುಸ್ತಕದಾಗೂ ಜ್ವರಾನ ಬರಿ. ಹುಲಿ ಗಿಲಿ ಬ್ಯಾಡ. ಆಣಿ ಮಾಡು.”

ಅಪ್ಪ ಅವನ ಕೈ ಮುಟ್ಟಿ ಆಣೆ ಮಾಡಿದ. ನನ್ನಪ್ಪ ತನ್ನ ಜೀವಮಾನದಲ್ಲಿ ಮಾಡಿದ ಒಂದೇ ಒಂದು ಆಣೆ ಅದು. ಅವತ್ತು ಆ ಬಸ್ಸು ಮಲಪ್ರಭೆಯಲ್ಲಿ ಬಿದ್ದು ಹೋಗಿದ್ದರೂ ಚೆನ್ನಾಗಿತ್ತು ಎಂದು ಆಮೇಲೆ ಅವನೇ ಅಂದಿದ್ದಾನೆ.

ಎರಡು ತಿಂಗಳಿಗೆ ಮುತ್ತಪ್ಪ ಹೋದ. ಅಂಬವ್ವ ಕಟ್ಟೆಗೆ ಬಂದಳು. “ಜ್ವರ ಅಂತ ಬರಕೋರಿ ರಾಯರ. ಸಾವಿರ ಸುಳ್ಳ ಹೇಳಿ ಒಂದು ಲಗ್ನಾ ಮಾಡು ಅಂತಾರ. ನಾ ಒಂದ ಸುಳ್ಳ ಕೇಳಾಕತ್ತೀನಿ.” ಅಪ್ಪ ಬರೆದ. ಆ ಸಾಲಿನ ಮೇಲೆ ಶಾಯಿ ಚೆಲ್ಲಿತು. ಆ ಕಲೆ ಇನ್ನೂ ಪುಸ್ತಕದಲ್ಲಿದೆ.

ಸೂತಕ ಕಳೆದ ಮರುದಿನ ಲಾಳಿ ಕೊಡುವ ಶಾಸ್ತ್ರಕ್ಕೆ ನಮ್ಮನ್ನೂ ಕರೆದಿದ್ದರು. ನಾನಾಗ ಹೆಣ್ಣುಮಕ್ಕಳ ಸಾಲಿಯಲ್ಲಿ ಮಾಸ್ತರಬಾಯಿ. ಅಪ್ಪನ ಜೊತೆ ಹೋಗಿದ್ದೆ. ರಾಮಲಿಂಗಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಇಪ್ಪತ್ತಾರರ ಆಳು, ಕುಸ್ತಿ ಆಡುವ ಮೈ. ಅಂಬವ್ವ ಲಾಳಿಗೆ ಕುಂಕುಮ ಹಚ್ಚಿ ಅವನ ಕೈಯಲ್ಲಿಟ್ಟಳು. ಅಪ್ಪನಿಗೆ ತಡೆಯಲಾಗಲಿಲ್ಲ.

“ರಾಮಲಿಂಗಪ್ಪ, ಅದನ್ನ ಬಾಯಿಗೆ ಹಚ್ಚಬ್ಯಾಡೋ. ತಂತಿ ಕೊಕ್ಕಿ ಮಾಡಿಕೊಂಡು ನೂಲು ಎಳಿ. ಇಲ್ಲಾ ಇದನ್ನ ನನಗ ಕೊಡು, ಅವನ ನೆನಪಿಗೆ ಇಟಗೋತೇನಿ. ನೀ ಹೊಸಾದು ತಗೋ.”

“ಯಾಕ್ರಿ ರಾಯರ?”

ಇಡೀ ಮನೆ ಅಪ್ಪನ ಬಾಯಿ ನೋಡುತ್ತಿತ್ತು. ಇಲಕಲ್ಲಿನ ಬೀಗರು ಜಮಖಾನೆಯ ಮೇಲೆ ಕೂತಿದ್ದರು. ಅಂಬವ್ವ ಬಾಗಿಲಲ್ಲಿ ನಿಂತು ಅಪ್ಪನನ್ನು ನೋಡಿದ ನೋಟ ನಾನು ಸಾಯುವತನಕ ಮರೆಯುವುದಿಲ್ಲ. ಅಪ್ಪ ತೊದಲಿದ: “ಏನಿಲ್ಲಾ... ಸತ್ತವರ ಬಾಯಿಂದು... ಎಂಜಲಲ್ಲಾ...”

ರಾಮಲಿಂಗಪ್ಪನ ಮುಖ ಕಪ್ಪಿಟ್ಟಿತು. “ನಿಮ್ಮದು ಮಡಿ ಮೈಲಿಗಿ ಮಂದಿ, ನಿಮಗ ಹಂಗ ಕಾಣತೈತಿ. ನನಗ ನಮ್ಮಣ್ಣನ ಎಂಜಲ ಅಂದ್ರ ಪ್ರಸಾದರಿ.” ಹಾಗೆಂದು, ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು ಲಾಳಿಯನ್ನು ತುಟಿಗೆ ಹಚ್ಚಿ, ಉಸಿರು ಎಳೆದ. ನೂಲು ಸರಕ್ಕನೆ ಬಂತು. ಕೂತವರೆಲ್ಲ ಶಾಬಾಸ್ ಅಂದರು.

ರೋಗ ಗೊತ್ತಿದ್ದರೂ ಅದು ಲಾಳಿಯಿಂದ ಹತ್ತುತ್ತದೆಂದು ಓಣಿಗೆ ಗೊತ್ತಿರಲಿಲ್ಲ. ಮಡಿಗೆ ಹೆದರಿ ಹಾಗಂದನೆಂದು ಓಣಿಯವರು ತಿಂಗಳುಗಟ್ಟಲೆ ಅಪ್ಪನನ್ನು ಆಡಿಕೊಂಡರು. ಮುತ್ತಪ್ಪನ ಹೆಗಲ ಮೇಲೆ ಕೈಹಾಕಿ ಊರೆಲ್ಲ ತಿರುಗಿದ ಮನುಷ್ಯನನ್ನು. ಅಪ್ಪ ಅದನ್ನೂ ನುಂಗಿಕೊಂಡ.

ಲಗ್ನವಾಗಲಿ, ಮರುದಿನವೇ ರಾಮಲಿಂಗಪ್ಪನಿಗೆ ಹೇಳಿ ಬಾಗಲಕೋಟೆಗೆ ಕರೆದೊಯ್ಯುತ್ತೇನೆ ಎಂದು ಅಪ್ಪ ದಿನ ಎಣಿಸುತ್ತಿದ್ದ. ಲಗ್ನವಾಯಿತು. ಅಂಬವ್ವ ಬಂದು, ಹೊಸ ಹುಡುಗಿ, ಈಗಲೇ ಸುದ್ದಿ ಹೋದರೆ ತವರಿಗೆ ಅಟ್ಟುತ್ತಾರೆ, ಒಂದಿಷ್ಟು ದಿನ ತಡೆಯಿರಿ ಎಂದಳು. ಆಮೇಲೆ ಶೇಖವ್ವ ಬಸುರಿ, ಕುಬಸದ ಕಾರ್ಯ ಮುಗಿಯಲಿ. ಆಮೇಲೆ ಬಾಣಂತನ. ಅಂಬವ್ವನಿಗೆ ಮೈದುನನ ಮೇಲೆ ಪ್ರೀತಿ ಇರಲಿಲ್ಲವೆಂದು ಯಾರಾದರೂ ಅಂದರೆ ಅವರ ಬಾಯಿಗೆ ಹುಳ ಬೀಳಲಿ. ಅವನಿಗೆ ಉಣ್ಣಿಸದೆ ಅವಳು ಉಂಡವಳಲ್ಲ. ಗಟ್ಟಿ ಹರೆಯದ ಹುಡುಗ, ಅವನಿಗೇನಾಗುತ್ತದೆ ಎಂದು ನಂಬಿದ್ದಳು, ಅಷ್ಟೇ. ಅವನೂ, “ನಮ್ಮ ಹುಡುಗಿ ಬಾಣಂತನ ಮುಗೀಲಿ, ಆಮ್ಯಾಲೆ ನಂದೊಂದು ಲಗ್ನ ನೋಡೂಣು” ಎಂದು ನಗುತ್ತಿದ್ದ. ನಕ್ಕರೆ ಕೆಮ್ಮು ಬರತೊಡಗಿತ್ತು.

ನಾನೊಮ್ಮೆ ಸಿಟ್ಟಿಗೆದ್ದೆ. “ಅಪ್ಪಾ, ಸತ್ತವಗ ಕೊಟ್ಟ ಮಾತಿಗೆ ಇದ್ದವನ್ನ ಕೊಲ್ತೀ ಏನು?” ಅಪ್ಪ ತಲೆ ತಗ್ಗಿಸಿಕೊಂಡು, “ಇನ್ನೊಂದು ತಿಂಗಳು, ತುಳಸಾ” ಎಂದ. ಹಾಗಂತ ನಾನೇನು ಕಡಿಮೆ? ನನಗೂ ಗೊತ್ತಿತ್ತು. ನಾಲ್ಕು ಹೆಜ್ಜೆ ನಡೆದು ರಾಮಲಿಂಗಪ್ಪನಿಗೆ ಹೇಳಿ ಬರಲು ನನಗೆ ಯಾವ ಆಣೆಯೂ ಇರಲಿಲ್ಲ. ನಾನೂ ಹೇಳಲಿಲ್ಲ.

ಐವತ್ತೊಂಬತ್ತರ ದೀಪಾವಳಿಗೆ ಹದಿನೈದು ದಿನ ಮುಂಚೆ ಮಗ್ಗದ ಮೇಲೆ, ನೇಯುತ್ತಿದ್ದ ಸೆರಗಿನ ಮೇಲೆಯೇ ಅವನು ರಕ್ತ ಕಾರಿದ. ಆಗ ಅಪ್ಪ ಎಲ್ಲ ಹೇಳಿದ. ರಾಮಲಿಂಗಪ್ಪ ಕೇಳಿಸಿಕೊಂಡು ಬಾಯಿ ಒರೆಸಿಕೊಂಡ. “ಅವತ್ತ ಹೇಳಿದ್ರ ನಾ ಯಾರ ಮುಂದ ಅಂತಿದ್ನಿರಿ ರಾಯರ? ಶೇಖವ್ವ ನನಗೂ ಮಗಳ ಅಲ್ಲನು?” ಎಂದ. ಅಷ್ಟೇ ಅಂದದ್ದು. ಬಾಗಲಕೋಟೆಯಲ್ಲಿ ಇಪ್ಪತ್ತು ದಿನ ಸೂಜಿ ಚುಚ್ಚಿಸಿಕೊಂಡ. ಇಪ್ಪತ್ತೊಂದನೆಯ ದಿನ ಅವನನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಊರಿಗೆ ತಂದರು.

ಅವನು ಸತ್ತ ಮೂರನೆಯ ದಿನ ಬೆಳಿಗ್ಗೆ ಅಂಬವ್ವ ಕಟ್ಟೆಗೆ ಬಂದಳು. ಅಪ್ಪ ಪುಸ್ತಕ ತೆರೆದ. ಹೆಸರು ಬರೆದ, ವಯಸ್ಸು ಇಪ್ಪತ್ತೊಂಬತ್ತು ಎಂದು ಬರೆದ, ಕೊನೆಯ ಅಂಕಣಕ್ಕೆ ಬಂದು ಪೆನ್ನು ನಿಲ್ಲಿಸಿ ಅವಳನ್ನು ನೋಡಿದ. ರೂಢಿಯಂತೆ ಅವಳು ಹೇಳುವುದನ್ನು ಕಾಯುತ್ತ.

ಅಂಬವ್ವ ಮಡಿಲಿನಿಂದ ಅರಿವೆಯ ಗಂಟು ತೆಗೆದು ಪುಸ್ತಕದ ಪಕ್ಕದಲ್ಲಿಟ್ಟಳು. ಒಳಗೆ ಲಾಳಿ ಇತ್ತು.

“ಅವತ್ತ ಕೇಳಿದ್ರಲ್ಲ, ತಗೋರಿ. ಕ್ಷಯ ಅಂತ ಖರೇನ ಬರೀರಿ ರಾಯರ. ಇನ್ನ ನಮ್ಮ ಮನ್ಯಾಗ ಸಾಯಾಕ ಗಂಡಸರಿಲ್ಲ.”