ವಾಸಿಯಾಯಿತೆಂದು ಬರೆದ ಕಾಲು

ನಾಗಸಂದ್ರದ ಹನುಮಂತರಾಯಪ್ಪನ ಎಡ ಮಂಡಿಯೊಳಗೆ ಎಪ್ಪತ್ತೊಂದರ ಯುದ್ಧದ ಸಿಡಿಗುಂಡಿನ ಚೂರೊಂದು ಉಳಿದುಬಿಟ್ಟಿತ್ತು. ಸೈನ್ಯದಿಂದ ಬಿಡಿಸಿ ಕಳಿಸುವಾಗ ಅವನ ಪಿಂಚಣಿಯನ್ನು ಎರಡು ಪಾಲು ಮಾಡಿ ಕೊಟ್ಟಿದ್ದರು. ಒಂದು ಸೇವೆಗೆ, ಇನ್ನೊಂದು ಗಾಯಕ್ಕೆ. ಆಮೇಲೆ ಪೀಣ್ಯದ ಕಾರ್ಖಾನೆ ಸೇರಿದ. ನನ್ನ ಪಕ್ಕದ ಲೇತ್ ಅವನದಾಯಿತು. ಇಡೀ ಪಾಳಿಯನ್ನು ಬಲಗಾಲಿನ ಮೇಲೇ ನಿಂತು ಮುಗಿಸುತ್ತಿದ್ದ. ಒಂದು ಗಳಿಗೆ ಕೂತುಕೊಳ್ಳಪ್ಪಾ ಎಂದರೆ, "ನಾ ಕುಂತ್ರೆ ಲೇತ್ ನಿಂತ್ಕಂತದೆ, ಸುಮ್ಕಿರ್ಲಾ" ಎನ್ನುತ್ತಿದ್ದ.

ಮದುವೆಯಾದ ಹೊಸದರಲ್ಲಿ ಬಾವಿಕಟ್ಟೆಯ ಹೆಂಗಸರು ಅವನ ಹೆಂಡತಿ ಅಂಜನಮ್ಮನನ್ನು ಕುಂಟನ ಹೆಂಡ್ತಿ ಎಂದು ಆಡಿಕೊಂಡಿದ್ದರು. ಅವಳು ಸುಮ್ಮನೆ ಕೂರುವ ಹೆಣ್ಣಲ್ಲ. ದಿನಾ ಸಂಜೆ ಲಕ್ಕಿ ಸೊಪ್ಪನ್ನು ಬಿಸಿಮಾಡಿ ಗಂಡನ ಮಂಡಿಗೆ ಶಾಖ ಕೊಡತೊಡಗಿದಳು. "ನೋಡ್ತಿರಿ, ನನ್ ಕೈಯಾಗೇ ವಾಸಿ ಮಾಡ್ತೀನಿ" ಎಂದು ಊರಿಗೆಲ್ಲ ಸಾರಿದಳು. ಅವಳ ಮಾತು ಉಳಿಯಲೆಂದು ಹನುಮಂತರಾಯಪ್ಪ ಬಾವಿಯ ಮುಂದೆ ಹಾಯುವಾಗೆಲ್ಲ ಹಲ್ಲು ಕಚ್ಚಿ ನೆಟ್ಟಗೆ ನಡೆದ. ಮನೆಯಲ್ಲೂ ನೋವೆಂದು ಬಾಯಿಬಿಡಲಿಲ್ಲ.

ಎಂಬತ್ತೆರಡರಲ್ಲಿ ಗಾಯ ಹೇಗಿದೆ ನೋಡಬೇಕೆಂದು ಸೈನ್ಯದ ವೈದ್ಯರು ಕರೆಸಿದರು. ನಮ್ಮ ಕಡೆ ರೋಗಿಯನ್ನೂ ಮೀಯಿಸಿ, ಮಡಿ ಉಡಿಸಿಯೇ ಡಾಕ್ಟರ ಹತ್ತಿರ ಕರೆದೊಯ್ಯುವುದು. ಅಂಜನಮ್ಮ ವಾರವೆಲ್ಲ ಎರಡು ಹೊತ್ತೂ ಶಾಖ ಕೊಟ್ಟು ಊತ ಇಳಿಸಿದಳು. "ಸಾಹೇಬ್ರ ಮುಂದೆ ಸೊಟ್ಟಗೆ ನಿಂತು ನನ್ ಮಾನ ಕಳೀಬ್ಯಾಡಿ" ಎಂದು ಇಸ್ತ್ರಿ ಬಟ್ಟೆ ಹಾಕಿಸಿ ಕಳಿಸಿದಳು.

ಅಲ್ಲಿ ನೋವಿದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಕೇಳಿದವರು ಅಧಿಕಾರಿ, ಇವನ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು. "ನಹೀ ಸಾಬ್" ಎಂದುಬಿಟ್ಟ.

ವಾಸಿಯಾಗಿದೆ ಎಂದು ಅವರು ಬರೆದರು, ಗಾಯದ ಪಾಲು ನಿಂತಿತು. ಸೇವೆಯ ಪಾಲು ಬರುತ್ತಲೇ ಇತ್ತು. ಮುಂದೇನು ಎಂದು ಕಾರ್ಖಾನೆಯ ಲೆಕ್ಕಪತ್ರ ನೋಡುವ ಅನುಸೂಯಮ್ಮನನ್ನು ಕೇಳಲು ಹೋದಾಗ ನಾನೂ ಜೊತೆಗಿದ್ದೆ.

"ಇಷ್ಟು ದಿನ ನಿಮ್ದು ಗಾಯದ ಪಿಂಚಣಿ ಅಣ್ಣ, ಎರಡು ಪಾಲಿಗೂ ಟ್ಯಾಕ್ಸ್ ಇರಲಿಲ್ಲ. ಈಗ ಉಳಿದಿರೋದು ಬರೀ ಪಿಂಚಣಿ. ಅದನ್ನ ಸಂಬಳದ ಜೊತೆ ಸೇರಿಸ್ಬೇಕು. ಸೇರಿಸಿದ್ರೆ ಮಿತಿ ದಾಟತ್ತೆ, ಟ್ಯಾಕ್ಸ್ ಬೀಳತ್ತೆ."

"ಬರೋದು ಕಮ್ಮಿ ಆದ್ಮೇಲೆ ತೆರಿಗೆನಾ ಮೇಡಂ?"

"ವಾಸಿಯಾಗಿದ್ದೀರಲ್ಲ, ಅದಕ್ಕೆ" ಎಂದು ನಕ್ಕವಳು ಅವನ ಮುಖ ನೋಡಿ ನಗು ನುಂಗಿಕೊಂಡಳು. "ನೋವಿದ್ರೆ ಅಪೀಲು ಹಾಕಿ. ಇನ್ನೊಂದ್ಸಲ ನೋಡ್ತಾರೆ. ನೋವಿದೆ ಅಂತ ಬಾಯಿಬಿಟ್ಟು ಹೇಳ್ಬೇಕು, ಅಷ್ಟೇ."

ಅರ್ಜಿಯನ್ನು ಅವಳೇ ಬರೆದುಕೊಟ್ಟಳು. ಹನುಮಂತರಾಯಪ್ಪ ಅದನ್ನು ಮಡಚಿ ಜೇಬಿಗಿಟ್ಟ, ಸಹಿ ಹಾಕಲಿಲ್ಲ. ಗಡುವು ಕಳೆಯುವ ಹೊತ್ತಿಗೆ ನಾನು ಗದರಿಸಿದೆ.

"ನೋಯ್ತದೆ ಅಂತ ನಾನೇ ಬರಕೊಟ್ರೆ, ಇಷ್ಟು ವರ್ಸ ಸೊಪ್ಪು ಕಟ್ಟಿದೋಳು ಏನಾಗ್ಬೇಕ್ಲಾ?" ಎಂದ. "ಊರೆಲ್ಲ ಅವಳ ಮಕ ನೋಡ್ತದೆ. ತೆರಿಗೆ ತಾನೆ, ಕಟ್ಟಾಕ್ತೀನಿ ಬಿಡು."

ಕಟ್ಟಿದ. ವಾಸಿಯಾದವನ ತೆರಿಗೆಯನ್ನು ಒಂಟಿಕಾಲಿನಲ್ಲಿ ನಿಂತು ದುಡಿದು ಕಟ್ಟಿದ. ಎಂಬತ್ತೇಳರ ಚಳಿಗಾಲದಲ್ಲಿ ಜ್ವರ ಹಿಡಿದು, ಒಂದೇ ವಾರದಲ್ಲಿ ತೀರಿಕೊಂಡ.

ತಿಥಿ ಮುಗಿದ ಮೇಲೆ ಅವನ ಬಟ್ಟೆಬರೆಯನ್ನು ಯಾರಿಗಾದರೂ ಕೊಡಲೆಂದು ಅಂಜನಮ್ಮ ತೆಗೆಯುತ್ತಿದ್ದಳು. ಚಪ್ಪಲಿ ಕೈಗೆ ಬಂತು. ಬಲಗಾಲಿನದು ಸವೆದು ನೆಲ ಕಾಣುವಂತಾಗಿತ್ತು. ಎಡಗಾಲಿನ ಅಟ್ಟೆಯ ಮೇಲೆ ಅಂಗಡಿಯ ಅಚ್ಚು ಇನ್ನೂ ಹಾಗೇ ಇತ್ತು. ಎರಡನ್ನೂ ಮಗುಚಿ ಮಗುಚಿ ನೋಡಿದಳು.

"ಅಣ್ಣ, ಇವ್ರಿಗೆ ನೋಯ್ತಿತ್ತಾ?"

ನಾನು ಬಾಗಿಲ ಕಡೆ ನೋಡಿದೆ.

"ನೋಯ್ತದೆ ಅಂತ ಒಂದ್ ಕಿತ ಅಂದಿದ್ರೆ ಆ ಡಾಕ್ಟ್ರ ಕಾಲಿಗ್ ನಾನೇ ಬೀಳ್ತಿದ್ದೆ" ಎಂದಳು.

ಗೋಡೆಯ ಗೂಟದಲ್ಲಿ ಒಣಗಿದ ಲಕ್ಕಿ ಸೊಪ್ಪಿನ ಕಟ್ಟು ತೂಗುತ್ತಿತ್ತು. ಅದನ್ನು ಇಳಿಸಿ ಒಲೆಗೆ ಹಾಕಿದಳು. ಚಪ್ಪಲಿಯನ್ನು ಮಾತ್ರ ಯಾರಿಗೂ ಕೊಡಲಿಲ್ಲ.