ಬೀಟಾ ಮತ್ತು ಕಾಕಾರ ಕಣ್ಣು

ತಾರಿಹಾಳದಲ್ಲಿ ಉಕ್ಕಿನ ಅಚ್ಚು ಮಾಡುವ ಒಂದು ವರ್ಕ್‌ಶಾಪಿನಲ್ಲಿ ನನ್ನದು ಕಂಪ್ಯೂಟರಿನ ಕೆಲಸ. ಉಕ್ಕನ್ನು ಎಲ್ಲಿ, ಎಷ್ಟು ಆಳ ಕೊರೆಯಬೇಕೆಂದು ಮಷಿನ್ನಿಗೆ ಪ್ರೋಗ್ರಾಂ ಮಾಡಿಕೊಡುತ್ತಿದ್ದೆ. ಮಷಿನ್ ಓಡಿಸುವವರು ನಾವೆಲ್ಲ ಕಾಕಾ ಎನ್ನುತ್ತಿದ್ದ ಹಿರಿಯರು. ಕೊರೆಯುವ ಟೂಲಿಗೂ ಉಕ್ಕಿಗೂ ನಡುವೆ ಹಳೆಯ ಕ್ಯಾಲೆಂಡರಿನ ಚೂರು ಇಟ್ಟು ಎಳೆಯುತ್ತಿದ್ದರು. ಚೂರು ತುಸುವೇ ತಡೆದರೆ ಅಲ್ಲಿಂದ ಆಳದ ಅಳತೆ ಶುರು. ಅಲ್ಲಿ ಕಣ್ಣು ತಪ್ಪಿದರೆ ಟೂಲ್ ಹೆಚ್ಚು ಆಳಕ್ಕೆ ಇಳಿದುಬಿಡುತ್ತಿತ್ತು. ಆ ವರ್ಷ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಇನ್ನು ಒಂದೇ ಒಂದು ತುಂಡು ಕೆಟ್ಟರೂ ಮಷಿನ್ ಬಿಟ್ಟು ಪ್ಯಾಕಿಂಗಿಗೆ ಕೂರಬೇಕೆಂದು ವರ್ಕ್‌ಶಾಪಿನ ಮಾಲೀಕರಾದ ಸಾವಕಾರರು ಹೇಳಿಬಿಟ್ಟಿದ್ದರು.

ನನಗೋ ಹೊಸದರ ಹುಚ್ಚು. ಲೈಸೆನ್ಸ್ ಇದ್ದ ಸಾಫ್ಟ್‌ವೇರಿನ ಪಕ್ಕದಲ್ಲೇ, ಯಾರಿಗೂ ಹೇಳದೆ, ಅದರ ಬೀಟಾ, ಅಂದರೆ ಇನ್ನೂ ಪಕ್ಕಾ ಆಗದ ಹೊಸ ಆವೃತ್ತಿಯನ್ನು, ಹಾಕಿಕೊಂಡಿದ್ದೆ. ಪರೀಕ್ಷೆಗೆ ಮಾತ್ರ, ಕೆಲಸಕ್ಕೆ ಬಳಸಬೇಡಿ ಎಂದು ಮಾಡಿದವರೇ ಬರೆದಿದ್ದರು. ಬೀಟಾದಲ್ಲಿ ಆಟ, ಹಳೆಯದರಲ್ಲಿ ಕೆಲಸ ಎಂದು ನಾನೂ ನಿಯಮ ಹಾಕಿಕೊಂಡಿದ್ದೆ.

ಒಂದು ಮಧ್ಯಾಹ್ನ ಟೂಲ್ ಇಳಿಯಬೇಕಾದ್ದಕ್ಕಿಂತ ಆಳಕ್ಕೆ ಇಳಿದು ಫಟ್ಟೆಂದು ಮುರಿಯಿತು. ಮೂರು ದಿನ ಕೊರೆದ ಅಚ್ಚು ಹಾಳಾಯಿತು. ಓಡಿ ಬಂದ ಸಾವಕಾರರು ಅಚ್ಚನ್ನು ನೋಡಲಿಲ್ಲ, ಕಾಕಾರ ಕನ್ನಡಕವನ್ನು ನೋಡಿದರು. ಕಾಕಾ ವಾದಕ್ಕೂ ನಿಲ್ಲಲಿಲ್ಲ.

“ನಂದs ತಪ್ಪಿರಬೇಕ್ರಿ. ಈಗೀಗ ಸರಿ ಕಾಣಂಗಿಲ್ಲ,” ಎಂದರು.

ನಾನು ನನ್ನ ಕೋಣೆಗೆ ಓಡಿದೆ. ಕಾಕಾರ ಕಣ್ಣಿನದೇ ತಪ್ಪಾಗಿರಲಿ ದೇವರೇ ಎಂದು ಬೇಡಿಕೊಂಡೆ. ಇದನ್ನು ಬರೆಯಲು ಇವತ್ತಿಗೂ ನಾಚಿಕೆ. ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಬೀಟಾದ ಹೆಸರಿತ್ತು. ಬೆಳಿಗ್ಗೆ ಅವಸರದಲ್ಲಿ ಫೈಲಿನ ಮೇಲೆ ಎರಡು ಸಲ ಒತ್ತಿದ್ದೆ. ಅದು ತೆರೆದದ್ದು ಬೀಟಾದಲ್ಲಿ. ಆಳವನ್ನು ಬೀಟಾ ತಪ್ಪಾಗಿ ಬರೆದಿತ್ತು, ನಾನು ನೋಡಿರಲಿಲ್ಲ. ಆ ಪ್ರೋಗ್ರಾಮನ್ನು ಅಳಿಸಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೌಸ್ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ. ಗಾಜಿನಾಚೆ ಕಾಕಾ ಮಷಿನ್ ಒರೆಸಿ, ನಟ್ಟು ಬಿಗಿಯುವ ತಮ್ಮ ಪಾನಾಗಳನ್ನು ಒಂದೊಂದಾಗಿ ಪಕ್ಕದ ಮಷಿನ್ನಿನವರ ಮೇಜಿಗೆ ಇಡುತ್ತಿದ್ದರು.

ಅದನ್ನು ನೋಡಲಾಗಲಿಲ್ಲ. ಹೋಗಿ ಇಬ್ಬರ ಮುಂದೆಯೂ ಹೇಳಿಬಿಟ್ಟೆ. ಸಾವಕಾರರು ಬಾಯಿಗೆ ಬಂದಂತೆ ಬೈದರು. ಕಾಕಾರೂ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ನನ್ನ ಮುಖವನ್ನೇ ನೋಡಿದರು.

“ಹಂಗಾರ ನನ್ನ ಕಣ್ಣು ಛಲೋ ಅದಾವಲ್ಲ, ತಂಗಿ?”