ನಾನು ಎತ್ತಿದ ವೀಳ್ಯ

ರಣವೀಳ್ಯ ಎಂಬ ಮಾತು ಈಗಿನವರಿಗೆ ಗೊತ್ತಿಲ್ಲ. ಯಕ್ಷಗಾನ ನೋಡುವವರಿಗೆ ಗೊತ್ತಿದ್ದೀತು. ನನಗೆ ಹೇಳಿದವಳು ಅಜ್ಜಿ. ಗೇರುಸೊಪ್ಪೆಯ ರಾಣಿಯ ಮೇಲೆ ವೈರಿ ಬಂದಾಗ ಅವಳು ಸಭೆಯ ನಡುವೆ ಹರಿವಾಣದಲ್ಲಿ ಎಲೆ ಅಡಿಕೆ ಇಡಿಸಿದಳಂತೆ. ಎತ್ತಿದವನು ಯುದ್ಧಕ್ಕೆ ಹೋಗಬೇಕು. ಮೀಸೆ ಇದ್ದವರೆಲ್ಲ ನೆಲ ನೋಡಿದರು. ಕಡೆಗೆ ಒಬ್ಬ ಎತ್ತಿದ. ಹೋದ, ಬರಲಿಲ್ಲ. ಅಜ್ಜಿ ಕಥೆಯನ್ನು ಅಲ್ಲಿಗೇ ಬಿಡುತ್ತಿದ್ದಳು. ಆಮೇಲೆ ಏನಾಯಿತು ಎಂದು ಕೇಳಿದರೆ, "ಆಮೇಲೆ ಎಂತ? ಮನಿಕೋ" ಎನ್ನುತ್ತಿದ್ದಳು.

ನಮ್ಮದು ಕುಮಟೆ ಕಡೆಯ ಮೀನುಗಾರರ ಕೇರಿ. ರಾಣಿಯಿಲ್ಲ, ಒಬ್ಬ ಯಜಮಾನನಿದ್ದಾನೆ. ಯಾರಿಗೂ ಬೇಡದ ಕೆಲಸ ಬಂದರೆ ಅವನೂ ಹರಿವಾಣದಲ್ಲಿ ವೀಳ್ಯ ಇಟ್ಟು ಕೂತವರ ಮುಂದೆ ದಾಟಿಸುತ್ತಾನೆ. ಒಲ್ಲದವನು ಹರಿವಾಣಕ್ಕೆ ಕೈಮುಗಿದು ಪಕ್ಕಕ್ಕೆ ಸರಿಸಬೇಕು. ಎಲೆ ಎತ್ತಿದವನಿಗೆ ಕೆಲಸ. ಬಾವಿಯ ಹೂಳು ತೆಗೆಯುವುದಿರಲಿ, ಅಣ್ಣತಮ್ಮಂದಿರ ಜಗಳ ಬಿಡಿಸುವುದಿರಲಿ, ಹಾಗೆ ಒಪ್ಪಿಕೊಂಡವನನ್ನು "ರಣವೀಳ್ಯ ಎತ್ತಿದ" ಎಂದು ಹಿರಿಯರು ಚೇಷ್ಟೆ ಮಾಡುತ್ತಿದ್ದರು. ನಾನೂ ನಕ್ಕವಳೇ.

ನನ್ನ ತಂಗಿಯ ಗಂಡ ಮೊದಲೇ ತೀರಿಹೋಗಿದ್ದ. ಇದ್ದವನು ಒಬ್ಬ ಮಗ. ಭಟ್ಕಳದ ಬಂದರಿನಿಂದ ಬೋಟಿಗೆ ಹೋಗುತ್ತಿದ್ದ. ಬಲೆ ಎಳೆಯುವಾಗ ಅಲೆ ಹೊಡೆದು ನೀರಿಗೆ ಬಿದ್ದ. ಜೊತೆಯವರು ಕಣ್ಣಾರೆ ನೋಡಿದ್ದಾರೆ. ಹನ್ನೆರಡು ದಿನ ಹುಡುಕಿದರು. ಹೊನ್ನಾವರದವರೂ ಬೋಟು ಬಿಟ್ಟರು. ಸಿಕ್ಕಿದ್ದು ಒಂದು ಚಪ್ಪಲಿ, ಅದೂ ಅವನದಲ್ಲ.

ಹೆಣ ಸಿಗದಿದ್ದರೆ ನಮ್ಮಲ್ಲಿ ದರ್ಭೆಯ ಬೊಂಬೆ ಮಾಡಿ, ಸತ್ತವನು ತೊಟ್ಟ ಅಂಗಿ ಅದಕ್ಕೆ ಹೊದೆಸಿ ಸುಡುತ್ತಾರೆ. ಅಂಗಿಯನ್ನು ತಾಯಿಯೋ ಹೆಂಡತಿಯೋ ತನ್ನ ಕೈಯಿಂದ ಕೊಡಬೇಕು. ಅವನಿಗೆ ಮದುವೆಯಾಗಿರಲಿಲ್ಲ. ತಂಗಿ ಕೊಡುವವಳಲ್ಲ. "ಅವ ಈಜೂದ್ರಲ್ಲಿ ಮೀನು. ಗೋವಾದ ಬದಿಗೆ ದಡ ಹತ್ತಿರೂಕೂ ಸಾಕು" ಎನ್ನುತ್ತಿದ್ದಳು. ಕೇಳಲು ಬಂದ ಇಬ್ಬರನ್ನು ಮೀನು ಕೊಯ್ಯುವ ಕತ್ತಿ ಹಿಡಿದು ಅಂಗಳದಿಂದಾಚೆ ಓಡಿಸಿದ್ದಳು. ಅದಕ್ಕೇ ಯಜಮಾನ ಸಭೆ ಕರೆದ. ಅಕ್ಕ ಎಂದು ನನ್ನನ್ನೂ ಕೂರಿಸಿದ್ದರು.

ಅವತ್ತು ನಾನು ಬೆಳಗಿನಿಂದ ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತು ನೇರ ಅಲ್ಲಿಗೆ ಬಂದಿದ್ದೆ. ನನ್ನ ಎಲೆಸಂಚಿ ಖಾಲಿ. ಎಲೆ ಹಾಕದೆ ನನಗೆ ತಲೆ ಓಡುವುದಿಲ್ಲ. ಗಂಡಸರು ಅದೇ ಮಾತನ್ನು ತಿರುಗಿಸಿ ತಿರುಗಿಸಿ ಆಡುತ್ತಿದ್ದರು, ನಾನು ಕೇಳುತ್ತಿರಲಿಲ್ಲ. ಹರಿವಾಣ ಒಬ್ಬೊಬ್ಬರನ್ನೇ ದಾಟಿ ಕೊನೆಗೆ ನನ್ನ ಮೊಣಕಾಲಿಗೆ ತಾಗಿತು. ಕೈ ತಾನಾಗಿ ಹೋಯಿತು. ಎಲೆಯ ನಾರು ತೆಗೆದೆ, ಸುಣ್ಣ ಹಚ್ಚಿದೆ, ಅಡಿಕೆ ಇಟ್ಟು ಮಡಚಿ ದವಡೆಗೆ ಸೇರಿಸಿದೆ. ತಲೆ ಎತ್ತಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

"ಆತು. ಅಕ್ಕ ಎತ್ತಿತು" ಎಂದ ಒಬ್ಬ.

"ಎಂತ ಎತ್ತೂದು? ನಾ ತಿನ್ನೂಕೆ ತಕಂಡದ್ದು ಮಾರಾಯ!"

"ಬಾಯಿಗೆ ಹಾಕಿ ಆತಲ್ಲ. ಇನ್ನು ಉಗಿದ್ರೂ ನಿಂದೇ."

"ಹಂಗಾರೆ ನೀವೆಲ್ಲ ಮೀಸೆ ಎಂತಕ್ಕೆ ಇಟ್ಕಂಡೀರಿ? ಬಂಗಡೆ ಪೋಣಿಸೂಕಾ?"

ಯಜಮಾನ ಮಾತ್ರ ಮೆಲ್ಲಗೆ, "ನಾವು ಹೋದ್ರೆ ಬಾಗಿಲು ತೆಗಿಯೂದಿಲ್ಲ. ನೀ ಹೋಗು. ಒಂದು ಅಂಗಿ ಇಸ್ಕಂಡು ಬಾ, ಸಾಕು" ಎಂದ. ಕೇರಿಯ ಗಂಡಸರೆಲ್ಲ ಒಟ್ಟಿಗೆ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು.

ಮರುದಿನ ಮಧ್ಯಾಹ್ನ ಹೋದೆ. ತಂಗಿಯ ಅಂಗಳದ ಹಗ್ಗದ ಮೇಲೆ ಅವನ ನಾಲ್ಕು ಅಂಗಿ ಒಣಗುತ್ತಿದ್ದವು. ಯಾರೂ ತೊಡದ ಅಂಗಿಯನ್ನು ದಿನಾ ಒಗೆಯುತ್ತಿದ್ದಳು. ಯಾವುದನ್ನು ಕೇಳಲಿ ಎಂದು ನೋಡುತ್ತ ನಿಂತೆ. ನೀಲಿಯದು ಹಳತು. ಅದು ಸಾಕು ಎನಿಸಿತು. ಹಾಗೆ ಎನಿಸಿದ್ದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಬಂದ್ಯಾ ಅಕ್ಕ" ಎಂದಳು. ಅವಳ ಕೈಯಲ್ಲಿ ಮೊಬೈಲ್. "ಅವನ ನಂಬರಿಗೆ ಕರೆನ್ಸಿ ಹಾಕ್ಸಿದೆ. ಫೋನ್ ಬಂದಾಗಿ ಹೋದ್ರೆ ಅವ ಮಾಡೂದು ಹೆಂಗೆ?"

ಕೂತೆ. ದಾರಿಯಲ್ಲಿ ನಾಲ್ಕು ಮಾತು ಕಟ್ಟಿಕೊಂಡು ಬಂದಿದ್ದೆ. ಅವನ್ನು ಬಿಟ್ಟು, ಕರೆನ್ಸಿ ಎಷ್ಟಕ್ಕೆ ಹಾಕಿಸಿದೆ ಎಂದು ಕೇಳಿದೆ. ಸಂತೆಯಲ್ಲಿ ಪೊಲೀಸನಿಗೂ ಹೆದರದ ಬಾಯಿ ಇದು.

ಆಗ ಅವಳು ಒಳಗೆ ಹೋಗಿ ಎಲೆಯ ತಟ್ಟೆ ತಂದು ನನ್ನ ಮುಂದೆ ಇಟ್ಟಳು.

ಸಾವಿನ ಮನೆಯಲ್ಲಿ ಎಲೆ ಕೊಡುವುದಿಲ್ಲ, ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಕ್ರಿಯೆ ಮುಗಿಯುವ ತನಕ ನಮ್ಮಲ್ಲಿ ಅದು ಕಟ್ಟು. ಸಭೆಯ ಸುದ್ದಿ ಅವಳಿಗೆ ಮುಟ್ಟಿತ್ತು, ನಮ್ಮ ಕೇರಿಯಲ್ಲಿ ಯಾವ ಸುದ್ದಿ ನಿಲ್ಲುತ್ತದೆ? ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ನಾನು ಎಲೆ ಮುಟ್ಟದಿದ್ದರೆ ಅವನು ಸತ್ತ ಎಂದು ನಾನೇ ಹೇಳಿದ ಹಾಗೆ, ಬೇರೆ ಮಾತೇ ಬೇಡ. ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಹಗ್ಗದ ಮೇಲೆ ಅಂಗಿಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು.

"ತಕೋ ಅಕ್ಕ" ಎಂದಳು. ತಟ್ಟೆಯನ್ನು ನನ್ನ ಕಡೆ ದೂಡಿದಳು. ಗಂಡ ಸತ್ತಾಗಲೂ ಅವಳು ನನ್ನಲ್ಲಿ ಏನೂ ಬೇಡಿರಲಿಲ್ಲ.

ತೆಗೆದುಕೊಂಡೆ. ಹಿಂದಿನ ದಿನ ತಿಳಿಯದೆ ಎತ್ತಿದ್ದೆ, ಇದು ತಿಳಿದೇ ಎತ್ತಿದ್ದು. ಅಗಿಯುವ ತನಕ ನೋಡುತ್ತ ಕೂತಳು. ಆಮೇಲೆ, "ಹಂಗಾರೆ ಆತು. ಗಂಜಿ ಉಂಡ್ಕಂಡು ಹೋಗು" ಎಂದಳು.

ಯಜಮಾನನ ಮನೆಯ ಹೊರಗೆ ನಿಂತು, "ಅಲ್ಲಿ ನಾ ಎಲೆ ತಿಂದೆ" ಎಂದೆ. ಅವನು ತಲೆ ತಗ್ಗಿಸಿದ. ಒಳಗಿನಿಂದ ಯಾರೋ, ವೀಳ್ಯ ಎತ್ತಿ ಬರಿಗೈಯಲ್ಲಿ ಬಂದವರನ್ನು ಕಂಡಿಲ್ಲ ಎಂದರು. ಈಗ ಕಂಡೆಯಲ್ಲ ಎಂದು ಮನೆಗೆ ಬಂದೆ.

ಇದಾಗಿ ಮೂರು ಮಳೆಗಾಲ ಕಳೆದವು. ಬೊಂಬೆ ಸುಡಲಿಲ್ಲ. ಹರಿವಾಣ ಮತ್ತೆ ಆ ಕೆಲಸಕ್ಕೆ ಹೊರಬರಲಿಲ್ಲ. ಹೋದ ವರ್ಷ ನನ್ನ ಕೆನ್ನೆಯ ಒಳಗೆ ಬಿಳಿ ಹುಣ್ಣಾಯಿತು. ಕುಮಟೆಯ ಡಾಕ್ಟರು ಬ್ಯಾಟರಿ ಹಾಕಿ ನೋಡಿ, ಎಲೆ ಅಡಿಕೆ ಇವತ್ತೇ ಬಿಡಬೇಕು ಎಂದರು. ಬಿಟ್ಟೆ. ಎಲೆಸಂಚಿಯನ್ನು ಒಲೆಗೆ ಹಾಕಿದೆ. ಪೇಟೆಯಲ್ಲಿ ಪಕ್ಕದವಳು ಕೊಟ್ಟರೂ ಮುಟ್ಟುವುದಿಲ್ಲ.

ತಂಗಿಗೆ ಹುಣ್ಣಿನ ವಿಷಯ ಹೇಳಿಲ್ಲ. ವಾರಕ್ಕೊಮ್ಮೆ ಅವಳಲ್ಲಿಗೆ ಹೋಗುತ್ತೇನೆ. ಅವಳು ತಟ್ಟೆ ಇಡುತ್ತಾಳೆ, ನನ್ನ ಕೈ ನೋಡುತ್ತಾಳೆ. ಎತ್ತುತ್ತೇನೆ. ಸುಣ್ಣ ತಾಗಿದರೆ ಕಣ್ಣಲ್ಲಿ ನೀರು ಬರುವಷ್ಟು ಉರಿಯುತ್ತದೆ. ಎಲೆ ಖಾರ ಎನ್ನುತ್ತೇನೆ. ಮುಂದಿನ ಸಲ ಬೇರೆ ತರಿಸುತ್ತೇನೆ ಎನ್ನುತ್ತಾಳೆ, ತರಿಸುತ್ತಾಳೆ.